ನಾಲ್ಕು ಗಂಟಿನ ಬಾಟಲಿ

ಆ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಗೇಟು ದಾಟಿ ಒಳಗೆ ಬಂದವರಿಗೆ ನಿವೇಶನದ ಆಚೆ ಬದಿಯ ಗೋಡೆ ಕಾಣುತ್ತಿರಲಿಲ್ಲ. ಗಾಳಿ ಒಂದಿಷ್ಟೂ ಇರಲಿಲ್ಲ. ಬಕೆಟ್ ಇಟ್ಟ ಸದ್ದು ಕೂಡ ಮುಂದಕ್ಕೆ ಹೋಗಲು ಮನಸ್ಸಿಲ್ಲದಂತೆ ಇಟ್ಟಲ್ಲೇ ಅಡಗುತ್ತಿತ್ತು. ಅಂಥ ಹೊತ್ತಿನಲ್ಲಿ ಮನುಷ್ಯ ತಾನಾಗಿ ದನಿ ತಗ್ಗಿಸುತ್ತಾನೆ, ದೇವರ ಮುಂದೆ ನಿಂತವನ ಹಾಗೆ.

“ಏನೂ ಕಾಣ್ತಿಲ್ಲವಲ್ಲ ಮಾವ, ಸ್ವಲ್ಪ ಕಾಯೋಣವಾ?” ಎಂದೆ.

“ಭೂಮಿ ಒಳಗೆ ನೋಡೋಕೆ ಹೊರಟವರಿಗೆ ಬಿಸಿಲು ಯಾಕೆ ತಾಯಿ? ಅಲ್ಲೇನು ಕಿಟಕಿ ಇಟ್ಟಿದ್ದಾರಾ?” ಎಂದು ಬೈರಿಗೆ ಮಾವ ಹೆಗಲ ಮೇಲಿನ ಬೈರಿಗೆಯನ್ನು ಇಳಿಸಿದರು.

ಬೈರಿಗೆ ಮಾವ ನನಗಾಗಲಿ ಇನ್ಯಾರಿಗಾಗಲಿ ನಿಜವಾದ ಮಾವನಲ್ಲ. ನೆಲ ಕೊರೆಯುವ ಬೈರಿಗೆಯನ್ನು ನಲವತ್ತು ವರ್ಷ ಹೊತ್ತು ತಿರುಗಿದ್ದಕ್ಕೆ ಬಿದ್ದ ಹೆಸರು ಅದು. ಎದೆಯೆತ್ತರದ ಕಬ್ಬಿಣದ ಕೊಳವೆ, ಮೇಲೆ ಎರಡು ಕೈಗೆ ಅಡ್ಡ ಹಿಡಿಕೆ, ಕೆಳಗೆ ಸುರುಳಿಯಾದ ಅಲಗು. ಇನ್ನೂ ಆಳಕ್ಕೆ ಇಳಿಯಬೇಕಾದರೆ ನಡುವೆ ಸೇರಿಸಲು ಇನ್ನೊಂದು ತುಂಡು ಕೊಳವೆ. ಅವರ ಆಸ್ತಿ ಅಷ್ಟೇ. ನನ್ನದು ಒಂದು ಪೆಟ್ಟಿಗೆ ಬಾಟಲಿ, ಒಂದು ಪುಸ್ತಕ, ಒಂದು ಪೆನ್ನು. ಯಾರಾದರೂ ಕಟ್ಟಡ ಕಟ್ಟುವ ಮೊದಲು ಆ ನೆಲದಲ್ಲಿ ವಿಷವಿದೆಯೋ ಇಲ್ಲವೋ ಎಂದು ನೋಡಿ ಹೇಳುವುದು ನಮ್ಮ ಕಚೇರಿಯ ಕೆಲಸ. ಮಾವ ಕೊರೆಯುತ್ತಾರೆ. ನಾನು ಮಣ್ಣು ತುಂಬಿ ಚೀಟಿ ಅಂಟಿಸುತ್ತೇನೆ. ಲ್ಯಾಬಿನಲ್ಲಿ ಪರೀಕ್ಷೆಯಾಗುತ್ತದೆ. ವರದಿಯ ಕೆಳಗೆ ನಾನು ಸಹಿ ಹಾಕುತ್ತೇನೆ, ನನ್ನ ಭಾವ ಮುದ್ರೆ ಒತ್ತುತ್ತಾರೆ. ಕಚೇರಿ ಅವರದು, ನನ್ನ ಅಕ್ಕನ ಗಂಡನದು. ಕೆಳಗೆ ಕಚೇರಿ, ಮೇಲೆ ಮನೆ, ಆ ಮನೆಯ ಹಿಂದಿನ ಕೋಣೆಯಲ್ಲಿ ನಾನು.

ಆ ನಿವೇಶನದಲ್ಲಿ ಹಿಂದೆ ನಲ್ಲಿಗಳಿಗೂ ಬಾಗಿಲಿನ ಹಿಡಿಕೆಗಳಿಗೂ ಹೊಳಪು ಹಚ್ಚುವ ಕಾರ್ಖಾನೆಯಿತ್ತು. ಅದನ್ನು ಕೆಡವಿ, ಮೇಲೆ ಎಲ್ಲಿಂದಲೋ ತಂದ ಕೆಂಪು ಮಣ್ಣು ಹರಡಿ ಮಟ್ಟ ಮಾಡಿದ್ದರು. ಐದು ಅಂತಸ್ತಿನ ಮನೆಗಳು ಬರಲಿದ್ದವು. ನಡುವೆ ಸುಣ್ಣದ ಗೆರೆ ಎಳೆದು ಒಂದು ಚೌಕ ಬಿಟ್ಟಿದ್ದರು: ಮಕ್ಕಳು ಆಡುವ ಜಾಗ.

ಮೊದಲ ಗುಂಡಿಗೆ ಮುನ್ನ ಮಾವ ಎಂದಿನಂತೆ ಬಾಗಿ ಅಂಗೈಯನ್ನು ನೆಲಕ್ಕೆ ತಾಗಿಸಿ ಕಣ್ಣಿಗೊತ್ತಿಕೊಂಡರು. ಆಮೇಲೆ ತೊಳೆಯುವ ಕೆಲಸ. ಒಂದು ಬಕೆಟ್ ಸೋಪಿನ ನೀರು, ಒಂದು ಬಕೆಟ್ ಬರೀ ನೀರು, ಕೊನೆಗೆ ಲ್ಯಾಬಿನಿಂದ ತಂದ ಶುದ್ಧ ನೀರು. ಪ್ರತಿ ಗುಂಡಿಗೂ ಮೂರು ಸಲ. ಕೊನೆಯ ನೀರು ಅಲಗಿನ ತುದಿಯಿಂದ ತೊಟ್ಟಿಕ್ಕುವಾಗ ಅದನ್ನು ನನ್ನ ಪೆಟ್ಟಿಗೆಯ ಒಂದು ಬಾಟಲಿಗೆ ಹಿಡಿದು, ಕುತ್ತಿಗೆಗೆ ದಾರ ಸುತ್ತಿ, ಗಂಟು ಹಾಕಿ ತಮ್ಮ ಚೀಲಕ್ಕೆ ಸೇರಿಸುತ್ತಿದ್ದರು. ಮೊದಲನೇ ಗುಂಡಿಗೆ ಒಂದು ಗಂಟು, ಎರಡನೆಯದಕ್ಕೆ ಎರಡು. ಅವರಿಗೆ ಓದು ಬರಹ ಬಾರದು.

ಒಂಬತ್ತು ವರ್ಷದಿಂದ ಇದನ್ನು ನೋಡುತ್ತಿದ್ದೆ. ಏನೋ ಹರಕೆಯಿರಬೇಕು ಅಂದುಕೊಂಡಿದ್ದೆ. ಬೇರೆಯವರ ಭಕ್ತಿಯನ್ನು ಕೆದಕಿ ಕೇಳುವುದು ನನ್ನ ಸ್ವಭಾವವಲ್ಲ. ಆದರೆ ಪುಸ್ತಕದಲ್ಲಿ ಮಾತ್ರ ತಪ್ಪದೆ ಬರೆಯುತ್ತಿದ್ದೆ: “ಬಾಟಲಿ ಆರು ಕಡಿಮೆ. ನಂಬರು ಇಷ್ಟರಿಂದ ಇಷ್ಟು. ಮಾವ.” ಲ್ಯಾಬಿನವರು ಕೇಳಿದರೆ, “ಅತ್ತೆ ಎಣ್ಣೆ ತುಂಬೋಕೆ ಇಟ್ಕೊಂಡಿರ್ತಾರೆ ಬಿಡಿ,” ಎಂದು ನಗುತ್ತಿದ್ದೆ. ಅತ್ತೆ ಎಂದರೆ ಮಾವನ ಹೆಂಡತಿ.

ಒಪ್ಪಂದದ ಪ್ರಕಾರ ಪ್ರತಿ ಗುಂಡಿಯೂ ನಾಲ್ಕು ಅಡಿ. ಮೂರು ಗುಂಡಿ ಮುಗಿಯಿತು. ಕೆಂಪು ಮಣ್ಣು, ಅದರ ಕೆಳಗೆ ಕಂದು ಮಣ್ಣು. ನಾಲ್ಕನೆಯದು ಮಕ್ಕಳು ಆಡುವ ಚೌಕದೊಳಗೆ. ನಾಲ್ಕು ಅಡಿ ಇಳಿದಾಗ ಮಾವ ತಿರುಗಿಸುವುದನ್ನು ನಿಲ್ಲಿಸಿ ಹಿಡಿಕೆಗೆ ಕಿವಿ ಇಟ್ಟರು.

“ಕೇಳ್ತಾ?”

“ಏನು?”

“ದನಿ ಬೇರೆ ಆಯ್ತು. ಗಂಟಲು ಕಟ್ಟಿದವರ ಹಾಗೆ.”

ನನಗೇನೂ ಕೇಳಲಿಲ್ಲ. ಅವರು ಬೈರಿಗೆಯನ್ನು ಮೇಲೆಳೆದು, ತುಂಡು ಕೊಳವೆ ಸೇರಿಸಿ, ಎರಡನ್ನೂ ಒಟ್ಟಿಗೆ ಮತ್ತೆ ಮೂರು ಸಲ ತೊಳೆದರು. ಆ ಗುಂಡಿಗೆಂದು ಮೊದಲು ಹಿಡಿದಿದ್ದ ನೀರನ್ನು ಚೆಲ್ಲಿ, ಬಾಟಲಿಯನ್ನು ಜಾಲಿಸಿ, ಹೊಸದಾಗಿ ಹಿಡಿದರು. ನಾಲ್ಕು ಗಂಟು ಹಾಕಿದರು. ಮಂಜಿನ ಚಳಿಗೆ ಅವರ ಬೆರಳು ಮರಗಟ್ಟಿತ್ತು. ನನಗೆ ಹಸಿವಾಗಿತ್ತು. “ಆಗಲೇ ತೊಳೆದಿದ್ರಲ್ಲ ಮಾವ,” ಎಂದೆ.

“ಹೊಸಬ ಬಂದ್ನಲ್ಲ ತಾಯಿ, ಕೊಳವೆಯಪ್ಪ. ಅವನು ಸ್ನಾನ ಮಾಡದೆ ಒಳಗೆ ಹೋಗಬಾರದು.”

ಆರು ಅಡಿಗೆ ಬಂದ ಮಣ್ಣು ಹಸಿರು ಬೆರೆತ ಹಳದಿಯಾಗಿತ್ತು. ಮಾವ ನನ್ನ ಮೊಣಕೈ ಹಿಡಿದು ಹಿಂದಕ್ಕೆ ಎಳೆದರು. “ಮೂಗಿನ ಹತ್ರ ತರಬೇಡ. ಕೈಗವಸು ಹಾಕ್ಕೊಂಡು ತುಂಬು,” ಎಂದರು. ತುಂಬಿದೆ. ಮತ್ತೆ ತೊಳೆದರು. ಐದನೆಯದು, ಆರನೆಯದು ಎರಡರಲ್ಲೂ ಬರೀ ಕಂದು ಮಣ್ಣು. ನಾವು ಹೊರಡುವ ಹೊತ್ತಿಗೆ ಮಂಜು ಕರಗಿ ಗೋಡೆ ಕಾಣುತ್ತಿತ್ತು, ಗೋಡೆಯಾಚೆ ಯಾರದೋ ಮನೆಯ ಮಹಡಿಯ ಮೇಲೆ ಒಣಗಲು ಹಾಕಿದ ಪುಟ್ಟ ಪುಟ್ಟ ಅಂಗಿಗಳೂ.

ಐದು ದಿನ ಕಳೆದು ಲ್ಯಾಬಿನ ಹೆಣ್ಣುಮಗಳು ಹಾಳೆ ತಂದುಕೊಟ್ಟಳು. ಫಲಿತಾಂಶದಲ್ಲಿ ಸೊನ್ನೆ ಬಂದರೆ ತನ್ನ ಮಗುವೇ ಪಾಸಾದಂತೆ ಖುಷಿಪಡುವವಳು ಅವಳು. ಅದಕ್ಕೆ ಎಲ್ಲರೂ ಅವಳನ್ನು ಸೊನ್ನೆಯಮ್ಮ ಎನ್ನುತ್ತಿದ್ದೆವು. ಆ ದಿನ ಅವಳ ಮುಖ ಸಣ್ಣದಾಗಿತ್ತು. ಐದು ಗುಂಡಿ ಶುದ್ಧ. ನಾಲ್ಕನೆಯದರಲ್ಲಿ ಕ್ರೋಮಿಯಂ, ಇರಬಹುದಾದ ಮಟ್ಟಕ್ಕಿಂತ ನೂರಾರು ಪಟ್ಟು. ನಲ್ಲಿಯ ಮೇಲೆ ಕುಳಿತರೆ ಅದು ಹೊಳಪು. ಮಣ್ಣಿನಲ್ಲಿ ಕುಳಿತರೆ ನೀರಿಗಿಳಿಯುತ್ತದೆ, ಮಗುವಿನ ಉಗುರಿನ ಸಂದಿಗೆ ಹತ್ತುತ್ತದೆ, ಅಲ್ಲಿಂದ ಬಾಯಿಗೆ.

ಮಾರನೆಯ ದಿನ ಕಟ್ಟುವವರ ಇಂಜಿನಿಯರು ಬಂದು ಭಾವನ ಕೋಣೆಯಲ್ಲಿ ಎರಡು ಗಂಟೆ ಕೂತಿದ್ದ. ಅವನು ಹೋದ ಮೇಲೆ ಭಾವ ನನ್ನನ್ನು ಕರೆದು ಒಂದು ಚೀಟಿ ಮುಂದಿಟ್ಟರು. ಒಂದೇ ಸಾಲು: “ನಾಲ್ಕನೆಯ ಗುಂಡಿಯ ಫಲಿತಾಂಶವು ಕೊರೆಯುವ ಉಪಕರಣವು ಶುಚಿಯಾಗಿಲ್ಲದ ಕಾರಣ ಬಂದದ್ದು, ಪರಿಗಣಿಸಬೇಕಾಗಿಲ್ಲ.”

“ಇದನ್ನ ವರದಿಗೆ ಸೇರಿಸಿ ಸಹಿ ಹಾಕು.”

“ಶುಚಿಯಾಗಿತ್ತು ಭಾವ. ನಾನು ಅಲ್ಲೇ ಇದ್ದೆ.”

“ಹಿಂದಿನ ವಾರ ಅದೇ ಬೈರಿಗೆ ಚರ್ಮ ಹದ ಮಾಡೋ ಅಂಗಳದಲ್ಲಿ ಕೊರೆದಿತ್ತು. ಅಲ್ಲೂ ಇದೇ ಕ್ರೋಮಿಯಂ. ಆ ತುಂಡು ಕೊಳವೆ ಅಲ್ಲಿ ಬಳಸಿದ್ದು, ಆಮೇಲೆ ಈ ನಾಲ್ಕನೇ ಗುಂಡಿಗೇ ಮೊದಲು ಇಳಿದಿದ್ದು. ಹೌದೋ ಅಲ್ವೋ?”

“ಹೌದು. ತೊಳೆದು ಇಳಿಸಿದ್ದು. ಅನುಮಾನ ಇದ್ರೆ ಇನ್ನೊಂದು ಸಲ ಕೊರೆಯೋಣ.”

“ಸೋಮವಾರ ಕಾಂಕ್ರೀಟು ಹಾಕ್ತಾರಂತೆ. ಪುರುಸೊತ್ತಿಲ್ಲ.”

“ನೆಲದ ಕೆಳಗಿರೋದಕ್ಕೆ ಪುರುಸೊತ್ತಿದೆ ಭಾವ. ಅದು ಎಷ್ಟು ವರ್ಷ ಬೇಕಾದ್ರೂ ಕಾಯುತ್ತೆ.”

ಭಾವ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಬದುಕು ಬೀದಿಗೆ ಬಂದಾಗ ಕೋಣೆ ಕೊಟ್ಟು, ಕೆಲಸ ಕಲಿಸಿ, ಒಂದು ದಿನವೂ ಅದನ್ನು ಎತ್ತಿ ಆಡದವರು. ಆದರೆ ಆ ಕಟ್ಟುವವರು ನಮ್ಮ ಕಚೇರಿಯ ಅತಿ ದೊಡ್ಡ ಗಿರಾಕಿ. ಭಯ ಹೊಕ್ಕ ಒಳ್ಳೆಯವನ ಕಣ್ಣಿಗೆ ಎದುರಿದ್ದವನು ಸಣ್ಣವನಾಗಿ ಕಾಣತೊಡಗುತ್ತಾನೆ. ಅವರು ಮೇಜಿನ ಡ್ರಾಯರಿನಿಂದ ಒಂದು ಹಳದಿಗಟ್ಟಿದ ಕಾಗದ ತೆಗೆದರು.

“ಆ ಕೊರೆಯೋನು ಹಿಂದೆಯೂ ಹೀಗೇ ಮಾಡಿದ್ದ. ಇಪ್ಪತ್ತೆರಡು ವರ್ಷದ ಹಿಂದೆ. ನೋಡು, ಹೆಬ್ಬೆಟ್ಟು.”

ಓದಿದೆ. ಬಟ್ಟೆ ಒಗೆಯುವವರ ಒಂದು ಅಂಗಳ. ಬೈರಿಗೆ ತೊಳೆಯದೆ ಕೊರೆದದ್ದರಿಂದ ಒಳ್ಳೆಯ ನೆಲದಲ್ಲಿ ವಿಷ ಕಂಡಿತು, ಅವರ ಬಾವಿ ಮುಚ್ಚಿಸಲಾಯಿತು. ತಪ್ಪು ತನ್ನದೆಂದು ಕೊರೆಯುವವನ ಒಪ್ಪಿಗೆ. ಕೆಳಗೆ ನೀಲಿ ಶಾಯಿಯ ಗುರುತು.

“ಅವತ್ತಿಂದು ಅವತ್ತಿಗೆ,” ಎಂದೆ. “ಇವತ್ತು ಅವರು ತೊಳೆದಿದ್ದಾರೆ. ಈ ಸಾಲಿನ ಕೆಳಗೆ ನನ್ನ ಕೈ ಓಡಲ್ಲ.”

“ಓಡದ ಕೈ ಇಟ್ಕೊಂಡು ನಾನೇನು ಮಾಡ್ಲಿ?”

“ಕಡಿದು ಹಾಕಿ. ಸಹಿ ಮಾತ್ರ ಸಿಗಲ್ಲ.”

ಆ ದಿನವೇ ಭಾವ ಬೈರಿಗೆಯನ್ನು ಉಗ್ರಾಣಕ್ಕೆ ಹಾಕಿ ಬೀಗ ಜಡಿದು, ಹಳೆಯ ಹೆಬ್ಬೆಟ್ಟಿನ ಕಾಗದ ಇನ್ನೂ ಇದೆ, ನಾಳೆಯಿಂದ ಬರಬೇಡವೆಂದು ಮಾವನಿಗೆ ಹೇಳಿ ಕಳಿಸಿದರು. ಮಧ್ಯಾಹ್ನ ಊಟಕ್ಕೆ ಕೂತೆವು. ಅಕ್ಕ ನನಗೆ ಬಡಿಸಿದಳು, ಗಂಡನ ತಟ್ಟೆಯ ಮುಂದೆ ಸೌಟು ಹಿಡಿದು ನಿಂತಳು.

“ನನ್ನ ತಂಗಿ ಎಷ್ಟು ದಿನದ ಅತಿಥಿ ಅಂತ ಹೇಳಿಬಿಡಿ. ಅಕ್ಕಿ ಅಳತೆ ಮಾಡಬೇಕು.”

“ನಾನೇನು ಮನೆ ಬಿಟ್ಟು ಹೋಗು ಅಂದ್ನಾ?”

“ನೀವಂದಿಲ್ಲ. ನಿಮ್ಮ ಮುಖ ಅಂತಿದೆ. ಕನ್ನಡಿ ತರಲಾ?”

ಭಾವ ಅರ್ಧ ಊಟಕ್ಕೆ ಎದ್ದರು. ನಾನು ಪೂರ್ತಿ ಉಂಡೆ. ಹಟ ಮಾಡುವವರು ಹೊಟ್ಟೆ ಖಾಲಿ ಇಟ್ಟುಕೊಳ್ಳಬಾರದು.

ಊಟ ಮುಗಿಸಿ ನೇರ ಮಾವನ ಮನೆಗೆ ಹೋದೆ. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಕೂರುವಷ್ಟು ಜಗಲಿ. ಅತ್ತೆ ಬಾಗಿಲಲ್ಲೇ ಇದ್ದರು.

“ಬಾರವ್ವ, ಎಣ್ಣೆ ಬಾಟಲಿ ಲೆಕ್ಕದವಳು. ನಿನ್ನ ಪುಸ್ತಕ ತಂದಿದ್ದೀಯಾ? ಒಳಗೆ ಬಂದು ಎಣಿಸ್ಕೋ.”

ನಾಚಿಕೆಯಾಯಿತು. ಲ್ಯಾಬಿನಲ್ಲಿ ನಾನಾಡಿದ್ದ ಮಾತು ಅವರ ತನಕ ಬಂದಿತ್ತು. ಒಳಗೆ ಗೋಡೆಯುದ್ದಕ್ಕೂ ಮೂರು ಹಲಗೆ. ಹಲಗೆಗಳ ತುಂಬ ನನ್ನ ಬಾಟಲಿಗಳು, ಮುಚ್ಚಳ ಬಿಗಿದು, ಕುತ್ತಿಗೆಯಲ್ಲಿ ದಾರ, ದಾರದಲ್ಲಿ ಗಂಟು. ಒಂದರಲ್ಲೂ ಎಣ್ಣೆಯಿರಲಿಲ್ಲ. ಕಿಟಕಿಯ ಬೆಳಕು ಅವುಗಳ ಮೂಲಕ ಹಾದು ಎದುರು ಗೋಡೆಯ ಮೇಲೆ ತೆಳ್ಳಗೆ ಅಲುಗುತ್ತಿತ್ತು. ಯಾವ ಗುಡಿಯಲ್ಲೂ ನಾನು ಅಷ್ಟು ಹೊತ್ತು ನಿಂತು ನೋಡಿದವಳಲ್ಲ.

“ಇದೆಲ್ಲ ಯಾಕೆ ಮಾವ?”

ಮಾವ ಮಣೆಯ ಮೇಲೆ ಕೂತು ಬರಿಗೈ ಉಜ್ಜಿಕೊಳ್ಳುತ್ತಿದ್ದರು. “ಒಂದು ಸಲ ತೊಳೀದೆ ಇಳಿಸ್ಬಿಟ್ಟೆ. ಒಂದು ಬಾವಿ ಹೋಯ್ತು. ತಪ್ಪು ಗೊತ್ತಾಗೋ ಹೊತ್ತಿಗೆ ಬಾವಿಗೆ ಕಲ್ಲು ಹೊಚ್ಚಿದ್ರು, ಅದನ್ನ ಎತ್ತೋಕೆ ಯಾರೂ ಬರಲಿಲ್ಲ. ಅವತ್ತು ‘ತೊಳೆದಿದ್ದೀಯಾ’ ಅಂತ ಕೇಳಿದ್ರು, ತೋರಿಸೋಕೆ ನನ್ನ ಹತ್ರ ಏನೂ ಇರಲಿಲ್ಲ. ಅವತ್ತಿಂದ ಕೊನೇ ನೀರು ಇಟ್ಕೊಳ್ತೀನಿ. ಅದರಲ್ಲಿ ವಿಷ ಇಲ್ಲ ಅಂದ್ರೆ ಬೈರಿಗೇಲೂ ಇರಲಿಲ್ಲ ಅಂತ ತಾನೇ?”

ಪುಸ್ತಕ ಓದಿದ ನಾವು ಯಾರೂ ಮಾಡದ ಕೆಲಸ ಅದು. ಇವರು ಯಾರೂ ಹೇಳದೆ ಇಪ್ಪತ್ತೆರಡು ವರ್ಷ ಮಾಡಿಕೊಂಡು ಬಂದಿದ್ದರು. ನಾನು ಅದನ್ನು ಹರಕೆ ಅಂದುಕೊಂಡೆ. ಅಷ್ಟೇ ಆಗಿದ್ದರೂ ಆಗುತ್ತಿತ್ತು. ಸಾಲದ್ದಕ್ಕೆ ಪುಸ್ತಕದಲ್ಲಿ ಕಳ್ಳತನವೆಂಬಂತೆ ಬರೆದೆ.

“ನಾಲ್ಕು ಗಂಟಿನದು ಕೊಡಿ ಮಾವ. ಮೊನ್ನೆಯದು.”

ಅವರು ಕೊನೆಯ ಹಲಗೆಯ ಕಡೆ ಹೋದರು. ಅತ್ತೆ ನನ್ನ ಹತ್ತಿರ ಸರಿದು ದನಿ ತಗ್ಗಿಸಿದರು.

“ಅವತ್ತು ತೊಳೀಬೇಡ ಅಂದೋರು ಯಾರು ಅಂತ ಕೇಳಿದ್ಯಾ ಇವರನ್ನ?”

“ಯಾರು?”

“ಇವರು ಬಾಯಿ ಬಿಡಲ್ಲ. ನಾನು ಬಿಡ್ತೀನಿ, ನನ್ನ ಬಾಯಿಗೆ ಯಾರೂ ಬೀಗ ಹಾಕಿಲ್ಲ. ಅವತ್ತು ನಿನ್ನ ಜಾಗದಲ್ಲಿ ಬಾಟಲಿ ಹಿಡಿದು ನಿಂತಿದ್ದೋನು ನಿನ್ನ ಭಾವ. ಆಗ ಕಚೇರಿ ಬೇರೆಯವರದು, ಇವನು ಮೀಸೆ ಚಿಗುರುತ್ತಿದ್ದ ಹೊಸ ಹುಡುಗ. ‘ಹೊತ್ತಾಯ್ತು ಮಾವ, ನೀರು ಗೀರು ಬೇಡ, ಇಳಿಸಿ’ ಅಂದ. ಬಾವಿ ಮುಚ್ಚಿದ ಮೇಲೆ ಅಳ್ತಾ ಬಂದು ಇದೇ ಜಗಲಿ ಮೇಲೆ ಕೂತ. ‘ಕೆಲಸ ಹೋದ್ರೆ ಅಪ್ಪ ಮನೆಗೆ ಸೇರಿಸಲ್ಲ’ ಅಂದ. ಇವರು ಹೋಗಿ ಹೆಬ್ಬೆಟ್ಟು ಒತ್ತಿ ಬಂದ್ರು. ಈಗ ಅದೇ ಕಾಗದ ಇವರ ತಲೆ ಮೇಲೆ ಗೂಬೆ ಕೂರಿಸ್ತಾ ಇದೆ.”

ಮಾವ ಬಾಟಲಿ ಒರೆಸುತ್ತ ಬಂದರು. “ಏನಂತೆ ಅವಳದು?”

“ಅಡುಗೆ ವಿಷಯ,” ಎಂದರು ಅತ್ತೆ.

ಬಾಟಲಿಯನ್ನು ಸೆರಗಿನಲ್ಲಿ ಸುತ್ತಿ ತಂದೆ. ದಾರಿಯುದ್ದಕ್ಕೂ ನನ್ನೊಳಗೆ ಬೆಂಕಿ. ನೇರ ಭಾವನ ಕೋಣೆಗೆ ನುಗ್ಗಿ ಆ ಹಳದಿ ಕಾಗದವನ್ನು ಅವರ ಮುಖಕ್ಕೆ ಹಿಡಿಯಬೇಕೆನಿಸಿತು. ಆದರೆ ಕೈಯಲ್ಲಿದ್ದದ್ದು ನೀರು, ಕುಲುಕಬಾರದು. ನಿಧಾನ ನಡೆದೆ. ನಡೆಯುತ್ತ ನಡೆಯುತ್ತ ಬೆಂಕಿ ಆರಲಿಲ್ಲ, ಒಂದು ಕಡೆ ನಿಂತು ಉರಿಯತೊಡಗಿತು.

ಸೊನ್ನೆಯಮ್ಮ ಆ ನೀರನ್ನು ಯಂತ್ರಕ್ಕೆ ಕೊಟ್ಟು ಕೈಕಟ್ಟಿ ನಿಂತಳು. ನಾನು ಕಣ್ಣು ಮುಚ್ಚಿದೆ. ದೇವರೇ, ಒಳ್ಳೆಯದು ಮಾಡು ಅಂತ ಕೇಳಲಿಲ್ಲ. ಇದ್ದದ್ದನ್ನು ತೋರಿಸು ಅಂತ ಕೇಳಿದೆ. ಅವಳು ನನ್ನ ಬೆನ್ನಿಗೆ ಗುದ್ದಿದಾಗ ಕಣ್ಣು ಬಿಟ್ಟೆ.

“ಸೊನ್ನೆ ಕಣೇ! ಇಂಥ ಸೊನ್ನೆ ನಾನು ಹುಟ್ಟಿದ ಮೇಲೆ ನೋಡಿಲ್ಲ!”

ಶನಿವಾರ ಬೆಳಗ್ಗೆ ಹತ್ತಕ್ಕೆ ಇಂಜಿನಿಯರು ಬಂದ. ಭಾವ ಮಾವನನ್ನೂ ಕರೆಸಿದ್ದರು, ಹೊಸದೊಂದು ಒಪ್ಪಿಗೆಗೆ ಹೆಬ್ಬೆಟ್ಟು ಬೇಕಿತ್ತು. ನಾವು ನಾಲ್ವರು ಆ ಪುಟ್ಟ ಕೋಣೆಯಲ್ಲಿ. ಮಾವನಿಗೆ ಕುರ್ಚಿ ಹಾಕಿರಲಿಲ್ಲ. ನಾನು ನನ್ನ ಕುರ್ಚಿ ಅವರ ಹಿಂದೆ ಸರಿಸಿ ನಿಂತುಕೊಂಡೆ.

ಇಂಜಿನಿಯರು ಶಾಯಿಯ ಡಬ್ಬಿಯನ್ನು ಬೆರಳಿಂದ ಮುಂದೆ ತಳ್ಳಿದ. “ಒತ್ತಪ್ಪ. ಬೇಗ ಮುಗಿಸೋಣ.”

ಮಾವ ತಮ್ಮ ಬಲಗೈ ಹೆಬ್ಬೆರಳನ್ನು ಎತ್ತಿ ನೋಡಿಕೊಂಡರು. “ಇದನ್ನ ಒಂದು ಸಲ ಒತ್ತಿದ್ದೆ ಸ್ವಾಮಿ. ಅದು ಅಲ್ಲೇ ಖರ್ಚಾಗಿ ಹೋಯ್ತು.”

“ಇದೇನು ತಮಾಷೆನಾ?”

“ಅಲ್ಲ. ನಾನು ತೊಳೆದಿದ್ದೀನಿ. ತೊಳೆದೋನು ತೊಳೀಲಿಲ್ಲ ಅಂತ ಹೇಗೆ ಒತ್ತಲಿ?”

ನಾನು ಲ್ಯಾಬಿನ ಹಾಳೆಯನ್ನು ಮೇಜಿನ ಮೇಲಿಟ್ಟೆ. ಏನು ನೀರು, ಯಾವಾಗ ಹಿಡಿದದ್ದು, ಏನು ಬಂತು ಎಂದು ಓದಿ ಹೇಳಿದೆ. ಇಂಜಿನಿಯರು ನಕ್ಕ.

“ಮನೆಯಲ್ಲಿ ಇಟ್ಕೊಂಡಿದ್ದ ಬಾಟಲಿ! ಅವತ್ತಿನದೇ ಅಂತ ಯಾರು ಕಂಡ್ರು ಮೇಡಂ?”

“ನಾನು,” ಎಂದು ನನ್ನ ಪುಸ್ತಕ ತೆರೆದೆ. “ಇಲ್ಲಿದೆ ತಾರೀಕು. ‘ಬಾಟಲಿ ಆರು ಕಡಿಮೆ. ಮಾವ.’ ಆರರ ನಂಬರೂ ಇದೆ. ಬಾಟಲಿಯ ಬುಡದಲ್ಲಿ ಅಚ್ಚಾಗಿರೋ ನಂಬರು ನೀವೇ ಓದಿಕೊಳ್ಳಿ. ನಾನು ಇವರನ್ನ ಕಳ್ಳರ ಲೆಕ್ಕಕ್ಕೆ ಸೇರಿಸಿ ಬರೆದಿದ್ದು ಇದು. ಇವರ ಪರವಾಗಿ ಬರೆದಿದ್ದಲ್ಲ.”

“ಬಾಟಲಿ ಅವತ್ತಿಂದಿರಬಹುದು. ನೀರು ನಿನ್ನೆದಿರಬಹುದಲ್ಲ!”

“ಸರಿ. ಹಾಗಾದ್ರೆ ಈಗಲೇ ನಡೀರಿ. ಅಂಗಡಿಯಿಂದ ಹೊಸ ಬೈರಿಗೆ ತರಿಸಿ, ನಿಮ್ಮ ಕೈಯಾರೆ ತೊಳೀರಿ, ನಾಲ್ಕನೇ ಗುಂಡಿ ಪಕ್ಕದಲ್ಲೇ ಆರು ಅಡಿ ಕೊರೆಯೋಣ. ಮಧ್ಯಾಹ್ನದೊಳಗೆ ಮುಗಿಯುತ್ತೆ.”

ಅವನು ಗಡಿಯಾರ ನೋಡಿದ. ಭಾವನ ಕಡೆ ನೋಡಿದ.

“ಯಾಕೆ ಸುಮ್ಮನಾದ್ರಿ?” ಎಂದೆ. “ನಿಜವಾಗಿ ಅನುಮಾನ ಇದ್ದವರು ಮತ್ತೆ ಕೊರೆಸ್ತಾರೆ. ಕೆಳಗೆ ಏನಿದೆ ಅಂತ ಚೆನ್ನಾಗಿ ಗೊತ್ತಿದ್ದವರು ಮಾತ್ರ ಬೇಡ ಅಂತಾರೆ.”

“ನೋಡಿ ಮೇಡಂ, ಮಾತು ಹಿಡಿತದಲ್ಲಿರಲಿ. ಈ ಮುದುಕನ ಹಳೇ ಕಥೆ ನಮಗೂ ಗೊತ್ತು. ಎಲ್ಲಿ ಸಾರ್, ಆ ಕಾಗದ ತೆಗೀರಿ.”

ಭಾವ ಡ್ರಾಯರು ಎಳೆದರು. ಹಳದಿ ಕಾಗದ ಮೇಜಿನ ಮೇಲೆ ಬಂತು. ಭಾವ ಅದನ್ನು ನೋಡಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದರು. ನನ್ನ ನಾಲಗೆಯ ತುದಿಗೆ ಬಂದಿತ್ತು, ಆ ಅಂಗಳ, ಬಾಟಲಿ ಹಿಡಿದ ಹುಡುಗ, ಹೊತ್ತಾಯ್ತು ಎಂದ ಮಾತು. ಬಾಯಿ ತೆರೆದೆ. ಮಾವ ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿದರು, ಅಷ್ಟೇ. ನಾನು ಬಾಯಿ ಮುಚ್ಚಿದೆ. ಆ ಗುಟ್ಟು ನನ್ನದಾಗಿರಲಿಲ್ಲ.

“ಹೌದು ಸ್ವಾಮಿ,” ಎಂದರು ಮಾವ. “ಅವತ್ತು ತೊಳೀಲಿಲ್ಲ. ಹೊತ್ತಾಗಿತ್ತು. ಹಿಡಿಕೆ ಹಿಡಿದಿದ್ದ ಕೈ ನಂದು, ಇನ್ಯಾರ ಹೆಸರೂ ಹೇಳಲ್ಲ. ಅವತ್ತಿಂದ ಒಂದು ಗುಂಡಿ ಬಿಡದೆ ತೊಳೀತಿದ್ದೀನಿ. ಮೂರು ಹಲಗೆ ತುಂಬಿದೆ. ಬೇಕಾದ್ರೆ ಬಂದು ಒಂದೊಂದೇ ಬಾಟಲಿ ತೆಗೆದು ನೋಡಿ. ಆದ್ರೆ ಆ ಚೌಕದಲ್ಲಿ ಮಕ್ಕಳನ್ನ ಬಿಡಬೇಡಿ. ಅದರ ಗಂಟಲು ಕಟ್ಟಿದೆ, ನಾನು ಕೇಳಿದ್ದೀನಿ.”

ಭಾವ ಕಿಟಕಿಯಿಂದ ಮುಖ ತಿರುಗಿಸಿ ಮಾವನ ಕೈಯನ್ನೇ ನೋಡುತ್ತಿದ್ದರು. ನಾನು ಚೀಟಿ ಸೇರಿಸದ ವರದಿಯನ್ನು ಅವರ ಮುಂದಿಟ್ಟೆ, ಆರು ಗುಂಡಿಗಳೂ ಇದ್ದದ್ದು, ಕೆಳಗೆ ನನ್ನ ಸಹಿ ಇದ್ದದ್ದು.

“ಮುದ್ರೆ ಒತ್ತೋದಾದ್ರೆ ಇದಕ್ಕೆ ಒತ್ತಿ ಭಾವ. ಇಲ್ಲಾಂದ್ರೆ ಮುದ್ರೆ ಇಲ್ಲದೇ ನಾನೇ ಪರವಾನಗಿ ಕಚೇರಿಗೆ ತಗೊಂಡು ಹೋಗ್ತೀನಿ. ಸಂಜೆಯೊಳಗೆ ಕೋಣೆ ಖಾಲಿ ಮಾಡ್ತೀನಿ.”

ಭಾವ ಮುದ್ರೆ ಎತ್ತಿಕೊಂಡರು. ಮುದ್ರೆ ಸ್ವಲ್ಪ ಓರೆಯಾಗಿ ಬಿತ್ತು. ಇಂಜಿನಿಯರು ಕುರ್ಚಿ ತಳ್ಳಿದ ರಭಸಕ್ಕೆ ಶಾಯಿಯ ಡಬ್ಬಿ ಉರುಳಿ ಅವನ ಅಂಗಿಯ ತೋಳಿಗೇ ತಗುಲಿತು. “ಇನ್ನು ನಮ್ಮ ಕಡೆಯಿಂದ ಒಂದು ಕೆಲಸವೂ ಬರಲ್ಲ ನಿಮಗೆ,” ಎಂದು ಹೊರಟ.

“ಸೋಪಿನ ನೀರಲ್ಲಿ ನೆನೆಸಿ ಸ್ವಾಮಿ,” ಎಂದರು ಮಾವ. “ಮೂರು ಸಲ.”

ಪರವಾನಗಿ ಕಚೇರಿಯವರು ಆ ಚೌಕದ ಮಣ್ಣನ್ನು ಹತ್ತು ಅಡಿ ಅಗೆದು ಬೇರೆ ಕಡೆ ಸಾಗಿಸುವ ತನಕ ಕೆಲಸ ನಿಲ್ಲಿಸಿದರು. ಆದರೆ ಉಗ್ರಾಣದ ಬೀಗ ತೆರೆಯಲಿಲ್ಲ. ಭಾವ ಮಾತು ಬಿಟ್ಟಿದ್ದರು, ಯಾರ ಹತ್ತಿರವೂ. ಬೇರೊಬ್ಬನನ್ನು ಕರೆದುಕೊಂಡು ಹೋಗಿ ಕೊರೆಸೆಂದು ಗುಮಾಸ್ತನ ಕೈಲಿ ಹೇಳಿಸಿದರು. “ಮಾವ ಇಲ್ಲದೆ ನಾನು ಯಾವ ನೆಲದ ಮೇಲೂ ಕಾಲಿಡಲ್ಲ,” ಎಂದು ಅದೇ ಗುಮಾಸ್ತನ ಕೈಲಿ ವಾಪಸು ಹೇಳಿಸಿದೆ. ಒಂದೇ ಮನೆಯ ಮೆಟ್ಟಿಲಲ್ಲಿ ನಾವಿಬ್ಬರೂ ಪಕ್ಕಕ್ಕೆ ಸರಿದು ಹಾದುಹೋಗುತ್ತಿದ್ದೆವು. ಹೀಗೆ ಒಂಬತ್ತು ದಿನ. ಪ್ರಾರ್ಥನೆಗೆ ಕೂತಾಗ ಭಾವನ ಮೇಲೆ ಕೋಪ ಇಳಿಯಲಿ ಎಂದು ಕೇಳುತ್ತಿದ್ದೆ. ಇಳಿಯುತ್ತಿರಲಿಲ್ಲ. ಎದ್ದು ಬರುತ್ತಿದ್ದೆ.

ಹತ್ತನೆಯ ದಿನ ಅವರೇ ನನ್ನ ಕೋಣೆಯ ಬಾಗಿಲಿಗೆ ಬಂದರು.

“ನಾಳೆ ಬೆಳಗ್ಗೆ ಒಂದು ಕೆಲಸ ಇದೆ. ಬಾಟಲಿ ಪೆಟ್ಟಿಗೆ ತಗೋ. ಮಾವನಿಗೂ ಬರೋಕೆ ಹೇಳು.”

ಮಾವ ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

“ಬೈರಿಗೆ?”

“ಅದು ನಾನು ತರ್ತೀನಿ.”

ಹೇಳಿದ ವಿಳಾಸಕ್ಕೆ ನಾನೂ ಮಾವನೂ ಹೋದೆವು. ಓಣಿಯ ಕೊನೆಯಲ್ಲಿ ಒಂದು ಇಸ್ತ್ರಿ ಅಂಗಡಿ, ಅದರ ಹಿಂದೆ ಅಂಗಳ, ಅಂಗಳದ ನಡುವೆ ಚಪ್ಪಡಿ ಕಲ್ಲು ಹೊಚ್ಚಿದ ಬಾವಿ. ಮಾವನ ಕಾಲು ಬಾಗಿಲಲ್ಲೇ ನಿಂತಿತು. ಭಾವ ಆಗಲೇ ಬಂದಿದ್ದರು. ಬೂಟು ಕಳಚಿ ಪಕ್ಕಕ್ಕಿಟ್ಟು, ಪ್ಯಾಂಟು ಮೊಣಕಾಲಿಗೆ ಮಡಚಿ, ಮೂರು ಬಕೆಟ್ ಸಾಲಾಗಿ ಇಟ್ಟುಕೊಂಡಿದ್ದರು. ಇಸ್ತ್ರಿ ಅಂಗಡಿಯ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ನೀವೇನಾ ನಮ್ಮ ಬಾವಿ ಮುಚ್ಚಿಸಿದ ದೊಡ್ಡ ಮನುಷ್ಯರು?” ಎಂದು ಮಾವನನ್ನು ಕೇಳಿದಳು. “ನಮ್ಮಮ್ಮ ಸಾಯೋ ತನಕ ಆಚೆ ಬೀದಿಯಿಂದ ನೀರು ಹೊತ್ತಳು.”

ಮಾವ ತಲೆ ತಗ್ಗಿಸಿದರು. ಬಾಯಿ ತೆರೆಯುವಷ್ಟರಲ್ಲಿ ಭಾವ ಹೇಳಿದರು: “ಅವರಲ್ಲಮ್ಮ. ನಾನು. ಅವರು ತೊಳೀತೀನಿ ಅಂದ್ರು, ನಾನು ಬೇಡ ಅಂದೆ. ಕಾಗದದಲ್ಲಿ ಅವರ ಹೆಬ್ಬೆಟ್ಟಿತ್ತು, ತಪ್ಪು ನಂದಿತ್ತು.”

ಅವಳು ಭಾವನನ್ನು ಮೇಲಿಂದ ಕೆಳಗೆ ನೋಡಿದಳು. “ಹೇಳೋಕೆ ಇಪ್ಪತ್ತೆರಡು ವರ್ಷ ಬೇಕಾಯ್ತಾ? ಸರಿ. ಬೇಗ ನೋಡಿ. ಕಲ್ಲು ಎತ್ತೋದಾದ್ರೆ ನಾಲ್ಕು ಜನರನ್ನ ನೀವೇ ಕರ್ಕೊಂಡು ಬರಬೇಕು, ನಮ್ಮ ಮನೇಲಿ ಗಂಡಸರಿಲ್ಲ.” ಹಾಗೆ ಹೇಳಿ ಇಸ್ತ್ರಿ ಪೆಟ್ಟಿಗೆ ಹತ್ತಿರ ಹೋದಳು. ಅಲ್ಲಿಂದಲೇ ನೋಡುತ್ತಿದ್ದಳು.

ಭಾವ ನೆಲಕ್ಕೆ ಕೂತು ಬೈರಿಗೆ ತೊಳೆದರು. ಸೋಪಿನ ನೀರಿನಲ್ಲಿ, ಬರೀ ನೀರಿನಲ್ಲಿ. ಸುರುಳಿಯ ಒಳಗೆ ಬೆರಳು ಹಾಕಿ, ಕೊಳವೆ ಸೇರುವ ಕಡೆ ಉಗುರು ಹಾಕಿ ಉಜ್ಜಿದರು. ಅಂಗಿ ಎದೆಯ ತನಕ ನೆನೆಯಿತು. ಮಾವ ಒಂದು ಸಲವೂ “ಸಾಕು ಬಿಡಿ” ಎನ್ನಲಿಲ್ಲ. ಕೊನೆಗೆ ಶುದ್ಧ ನೀರು ಹೊಯ್ದು, ಅಲಗಿನ ತುದಿಯಿಂದ ಇಳಿಯುವ ಹನಿಗಳಿಗೆ ನನ್ನ ಪೆಟ್ಟಿಗೆಯ ಬಾಟಲಿ ಹಿಡಿದರು. ದಾರ ಅವರ ಜೇಬಿನಲ್ಲೇ ಇತ್ತು. ಒಂದು ಗಂಟು ಹಾಕಿದರು.

ಆಮೇಲೆ ಎದ್ದು ಬೈರಿಗೆಯನ್ನೂ ಬಾಟಲಿಯನ್ನೂ ಮಾವನ ಕೈಗಿತ್ತರು. ಬಾಟಲಿಯ ಜೊತೆಗೆ, ನಾಲ್ಕಾಗಿ ಮಡಚಿದ ಆ ಹಳದಿ ಕಾಗದವನ್ನೂ.

ಮಾವ ಕಾಗದವನ್ನು ಬಿಚ್ಚಿ ನೋಡದೆ ಸೊಂಟಕ್ಕೆ ಸಿಕ್ಕಿಸಿಕೊಂಡರು, ಬಾಗಿ ಅಂಗೈಯನ್ನು ನೆಲಕ್ಕೆ ತಾಗಿಸಿ ಕಣ್ಣಿಗೊತ್ತಿಕೊಂಡರು. ನಾನು ಪುಸ್ತಕ ತೆರೆದು, ಆ ಬಾಟಲಿಯ ನಂಬರು ಬರೆದೆ.